ಏಳನೆಯ ಮನೆ

ಸಿರಾನುಶ್ ತಮ್ಮ ಮಗನ ಪ್ರಾಣಕ್ಕಾಗಿ ಹರಕೆ ಹೊತ್ತು, ತಾವೇ ಬೇಯಿಸಿ ನಮ್ಮ ಮನೆಗೆ ತಂದುಕೊಟ್ಟ ಪ್ರಸಾದವನ್ನು ನಾನು ಕಸದ ಡಬ್ಬಿಗೆ ಹಾಕಿದೆ. ತಿಂದೆವು ಎಂದು ಹೇಳಿದೆ. ಮುಂದೆ ಆ ತಪ್ಪು ಪಕ್ಕದ ಮನೆಯ ಲಿಂಡಾಳ ತಲೆಗೆ ಬಂದಾಗ ಸುಮ್ಮನಿದ್ದೆ — ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ, ಇನ್ನಷ್ಟು ಸುಳ್ಳು ಸೇರಿಸಿದೆ. ವಿಷಯ ಇಷ್ಟೇ. ಆದರೆ ನಾನು ಬದುಕಿಡೀ ಪೆಥಾಲಜಿಸ್ಟ್ ಆಗಿ ದುಡಿದವಳು. ವಿವರ ಬರೆಯದೆ ಬರೀ ತೀರ್ಮಾನ ಬರೆದು ರಿಪೋರ್ಟಿಗೆ ಸಹಿ ಹಾಕಿದವಳಲ್ಲ. ಹಾಗಾಗಿ ವಿವರ ಬರೆಯುತ್ತೇನೆ.

ನಾವಿರುವುದು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಇಲ್ಲಿಗೆ ಬಂದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡ್ ನೋಡುತ್ತಲೇ ಕೂದಲು ಬೆಳ್ಳಗಾಯಿತು. ನನ್ನ ಯಜಮಾನರು ಶ್ರೀನಿವಾಸ್ ತೈಲ ಕಂಪನಿಯಲ್ಲಿದ್ದವರು, ಈಗ ನಿವೃತ್ತರು. ನಮ್ಮ ಪಕ್ಕದ ಮನೆ ಲಿಂಡಾಳದು. ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಟೀಚರ್ ಆಗಿದ್ದವಳು, ಗಂಡ ಹೋದಮೇಲೆ ಒಂದು ನಾಯಿಯ ಜೊತೆ ಒಬ್ಬಳೇ ಇದ್ದಾಳೆ. ನಮ್ಮ ಎದುರಿನ ಮನೆಗೆ ಸಿರಾನುಶ್ ಬಂದರು, ಮಗ ಆರ್ಮೆನ್ ಜೊತೆ. ಅವನೂ ತೈಲ ಕಂಪನಿಯ ಇಂಜಿನಿಯರ್, ಮದುವೆಯಾಗಿರಲಿಲ್ಲ. ಮಗಳು ನಾರೆ ಕ್ಯಾಲಿಫೋರ್ನಿಯಾದಲ್ಲಿ ಇದ್ದಳು.

ಅರ್ಮೇನಿಯದವರು ಎಂದು ತಿಳಿದಾಗ ನನಗೆ ಆದ ಸಂತೋಷ ನೆನಪಾದರೆ ಈಗ ನಾಚಿಕೆಯಾಗುತ್ತದೆ. ಹೈಸ್ಕೂಲಿನಲ್ಲಿ ಸಾಮಾನ್ಯ ಜ್ಞಾನದ ಪುಸ್ತಕವನ್ನು ಮಗ್ಗಿಯ ಹಾಗೆ ಉರು ಹೊಡೆದವಳು ನಾನು, ಕ್ವಿಜ್‌ನಲ್ಲಿ ಗೆದ್ದ ಸ್ಟೀಲ್ ಲೋಟಗಳು ಅಮ್ಮನ ಅಡುಗೆಮನೆಯಲ್ಲಿ ಸಾಲಾಗಿದ್ದವು. ಸೋವಿಯತ್ ಒಕ್ಕೂಟದ ಗಣರಾಜ್ಯಗಳು ಯಾವುವು, ರಾಜಧಾನಿಗಳು ಯಾವುವು — ಕೇಳಿದರೆ ಇವತ್ತೂ ಹೇಳಬಲ್ಲೆ. ಅರ್ಮೇನಿಯ, ಯೆರೆವಾನ್. ಕ್ರೈಸ್ತ ಮತವನ್ನು ಎಲ್ಲರಿಗಿಂತ ಮೊದಲು ರಾಜ್ಯದ ಮತವಾಗಿ ಒಪ್ಪಿಕೊಂಡ ದೇಶ. ನೋಹನ ಹಡಗು ನಿಂತಿತು ಎನ್ನುವ ಅರಾರತ್ ಪರ್ವತ. ಮದರಾಸಿಗೆ ವ್ಯಾಪಾರಕ್ಕೆ ಬಂದು, ಅಲ್ಲೇ ತಮ್ಮ ಭಾಷೆಯಲ್ಲಿ ಪತ್ರಿಕೆ ಅಚ್ಚು ಹಾಕಿದ ಜನ. ಮೊದಲ ದಿನವೇ ಇಷ್ಟನ್ನೂ ಅವರ ಮುಂದೆ ಸುರಿದೆ. ಗೋಡೆಯ ಮೇಲೆ ಹಿಮದ ಎರಡು ಶಿಖರಗಳ ಚಿತ್ರವಿತ್ತು. "ಅರಾರತ್ ಅಲ್ವಾ? ನಿಮ್ಮ ದೇಶದ್ದು!" ಎಂದೆ.

"ನಮ್ಮದೇ," ಎಂದರು ಸಿರಾನುಶ್. "ಆದರೆ ಗಡಿಯ ಆಚೆ ಇದೆ. ಟರ್ಕಿಯಲ್ಲಿ. ಯೆರೆವಾನ್‌ನಿಂದ ಕಾಣುತ್ತೆ, ಹೋಗಕ್ಕಾಗಲ್ಲ."

ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಅವರ ಅಜ್ಜಿ ಆ ಗಡಿಯಾಚೆಯ ಕಾರ್ಸ್ ಎಂಬ ಊರಿನಿಂದ, ಮಾರಣಹೋಮದ ಕಾಲದಲ್ಲಿ, ಮಕ್ಕಳನ್ನು ಎತ್ತಿಕೊಂಡು ಓಡಿಬಂದು ಗ್ಯುಮ್ರಿ ಎಂಬ ಪಟ್ಟಣದಲ್ಲಿ ನೆಲೆಸಿದ್ದರು. ಅದೇ ಗ್ಯುಮ್ರಿಯಲ್ಲಿ, ಎಂಬತ್ತೆಂಟರ ಭೂಕಂಪದಲ್ಲಿ, ಸಿರಾನುಶ್ ಅವರ ಗಂಡ ಗೋಡೆಯಡಿ ಸಿಕ್ಕಿ ಹೋದರು. ಆರ್ಮೆನ್ ಆಗ ಪುಟ್ಟ ಹುಡುಗ. ಅವನನ್ನು ಕಲ್ಲುಗಳ ನಡುವಿನಿಂದ ಎಳೆದು ತೆಗೆದರಂತೆ. ಇದನ್ನೆಲ್ಲ ಅವರು ಅಳುತ್ತಾ ಹೇಳಿದ್ದಲ್ಲ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಕಾಫಿ ಉಕ್ಕದಂತೆ ನೋಡಿಕೊಳ್ಳುತ್ತಾ ಹೇಳಿದ್ದು. ಗಸಿ ಸಮೇತ ಕುಡಿಯುವ ಕಾಫಿ ಅದು. ಮೈಸೂರಿನ ಫಿಲ್ಟರ್ ಕಾಫಿಯವಳಾದ ನಾನು ಅದಕ್ಕೂ ಒಗ್ಗಿಕೊಂಡೆ.

ನನ್ನನ್ನು ಅವರು "ಡಾಕ್ಟರ್ ಜಾನ್" ಎನ್ನುತ್ತಿದ್ದರು. ಹಿಂದಿಯವರು ಜಾನ್ ಅನ್ನುತ್ತಾರಲ್ಲ, ಅದೇ ಅರ್ಥ, ಪ್ರಾಣ. ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ, ಅವರ ಉಪವಾಸದ ದಿನಗಳಲ್ಲಿ ಮಾಡುವ ಅಡುಗೆಯನ್ನು ಮಾತ್ರ ನಮಗೆ ಕೊಡುತ್ತಿದ್ದರು — ಕೋಸಿನ ಎಲೆಯಲ್ಲಿ ಕಡಲೆ, ಬೇಳೆ, ಗೋಧಿನುಚ್ಚು ತುಂಬಿ ಸುತ್ತಿದ್ದು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ಅವರ ಮಡಿ ನಮ್ಮಜ್ಜಿಯ ಮಡಿಗಿಂತ ಏನೂ ಕಡಿಮೆಯಲ್ಲ. ಆಗಸ್ಟಿನಲ್ಲಿ ಚರ್ಚಿನಲ್ಲಿ ದ್ರಾಕ್ಷಿಗೆ ಪೂಜೆಯಾಗುವ ತನಕ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಪೂಜೆಯಾದ ದಿನ ಗೊಂಚಲು ಹಿಡಿದು ಮೊದಲು ನಮ್ಮ ಮನೆಗೆ, ಆಮೇಲೆ ಲಿಂಡಾಳ ಮನೆಗೆ. ಒಟ್ಟಿನಲ್ಲಿ ನಾವು ಮೂವರು ಹೆಂಗಸರು ಚೆನ್ನಾಗಿಯೇ ಇದ್ದೆವು.

ಆರ್ಮೆನ್‌ಗೆ ಲಿಂಫೋಮಾ ಬಂತು, ರಕ್ತಕಣಗಳ ಕ್ಯಾನ್ಸರ್. ಸಿರಾನುಶ್‌ಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅವನು ಆಸ್ಪತ್ರೆ ಸೇರಿದಾಗೆಲ್ಲ ಅವರನ್ನು ಕರೆದುಕೊಂಡು ಹೋಗಿ ಬಂದವಳು ಲಿಂಡಾ — ಆ ಹೈವೇ ಟ್ರಾಫಿಕ್ಕಿನಲ್ಲಿ, ವಾರಗಟ್ಟಲೆ, ಒಂದು ದಿನವೂ ಮುಖ ಗಂಟು ಹಾಕದೆ. ನಾನು ಮಾಡಿದ್ದು? ರಿಪೋರ್ಟು ಓದಿ ಅರ್ಥ ಹೇಳಿದ್ದು. ಅದು ಸುಲಭದ ಕೆಲಸ, ಕೂತಲ್ಲೇ ಆಗುವ ಕೆಲಸ.

ಅಸ್ಥಿಮಜ್ಜೆಯ ಕಸಿಗೆ ದಿನ ಗೊತ್ತಾದಾಗ ಸಿರಾನುಶ್ ಹರಕೆ ಹೊತ್ತರು. ಅವರಲ್ಲಿ ಅದಕ್ಕೆ ‘ಮದಾಘ್’ ಎನ್ನುತ್ತಾರೆ. ಅದರ ಕ್ರಮವನ್ನು ಅವರು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬಿಡಿಸಿ ಹೇಳಿದರು. ಪಾದ್ರಿ ಉಪ್ಪನ್ನು ಮಂತ್ರಿಸಿ ಕೊಡುತ್ತಾರೆ. ಆ ಉಪ್ಪು ಮತ್ತು ನೀರು ಬಿಟ್ಟರೆ ಮಾಂಸಕ್ಕೆ ಇನ್ನೇನೂ ಬೀಳುವಂತಿಲ್ಲ. ಕೋಳಿಯಾದರೆ ಮೂರು ಮನೆ, ಟಗರಾದರೆ ಏಳು ಮನೆ, ಎತ್ತಾದರೆ ನಲವತ್ತು ಮನೆಗೆ ಹಂಚಬೇಕು. ಅವರು ಹೊತ್ತದ್ದು ಟಗರಿನ ಹರಕೆ. ಮಾರುವಂತಿಲ್ಲ, ಮರುದಿನಕ್ಕೆ ಇಡುವಂತಿಲ್ಲ, ಎಸೆಯುವಂತಿಲ್ಲ. ಎಲುಬನ್ನೂ ಮಣ್ಣಿನಲ್ಲಿ ಹೂಳಬೇಕು. ಹೊತ್ತು ಮುಳುಗುವುದರೊಳಗೆ ಏಳು ಮನೆಯವರೂ ತಿಂದಿರಬೇಕು. ಆಗ ಹರಕೆ ಸಂದಂತೆ.

ನನಗೆ ಇದು ಯಾವುದೂ ವಿಚಿತ್ರ ಅನ್ನಿಸಲಿಲ್ಲ. ಮಾರಮ್ಮನಿಗೆ ಹರಕೆ ಹೊರುವವರನ್ನು ಕಂಡು ಬೆಳೆದವಳಿಗೆ ಏನು ವಿಚಿತ್ರ? ನಮ್ಮ ಮನೆಯಲ್ಲಿ ಅದು ಇರಲಿಲ್ಲ, ಅಷ್ಟೆ. ನಮ್ಮದು ಈರುಳ್ಳಿಯನ್ನೂ ಯೋಚನೆ ಮಾಡಿ ಒಳಗೆ ತರುತ್ತಿದ್ದ ಮನೆ. ಆದರೆ ಪ್ರಸಾದ ಬೇಡ ಅನ್ನಬಾರದು, ಕೆಳಗೆ ಬೀಳಿಸಬಾರದು, ತುಳಿಯಬಾರದು — ಇದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಸಿರಾನುಶ್ ನೇರವಾಗಿಯೇ ಕೇಳಿದರು. "ಡಾಕ್ಟರ್ ಜಾನ್, ನೀವು ಮಾಂಸ ತಿನ್ನಲ್ಲ, ನನಗೆ ಗೊತ್ತು. ಆಗಲ್ಲ ಅಂದ್ರೆ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ಬೇರೆ ಮನೆ ಹುಡುಕ್ತೀನಿ. ಸುಳ್ಳು ಮಾತ್ರ ಬೇಡ."

"ಆರ್ಮೆನ್‌ಗೋಸ್ಕರ ಒಂದು ದಿನ ತಿಂತೀವಿ," ಎಂದೆ.

ಯಾಕೆ ಹಾಗೆಂದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕರುಣೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಅದು ಕರುಣೆಯಲ್ಲ. ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುವ ಚಪಲ — ಕ್ವಿಜ್‌ನಲ್ಲಿ ಬಜರ್ ಒತ್ತುವಾಗಿನ ಆತುರವೇ ಅದು. ಪ್ರಶ್ನೆ ಮುಗಿಯುವ ಮುಂಚೆ ಉತ್ತರ. ಸಿರಾನುಶ್ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ. ಹೋಯಿತು.

ಹರಕೆಯ ದಿನ ಮಧ್ಯಾಹ್ನ ಅವರು ತಟ್ಟೆ ಹಿಡಿದು ಬಂದರು. ಲವಾಶ್ ಎಂಬ ಅವರ ರೊಟ್ಟಿ, ಪಂಚೆಯಷ್ಟು ತೆಳ್ಳಗಿರುತ್ತದೆ, ಅದರಲ್ಲಿ ಸುತ್ತಿ ತಂದಿದ್ದರು. ಬಾಗಿಲಲ್ಲೇ ಕೊಟ್ಟು ಲಿಂಡಾಳ ಮನೆಗೆ ಹೋದರು. ಅವರು ಅತ್ತ ಹೋದಮೇಲೆ ಶ್ರೀನಿವಾಸ್ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ಏನೇ ಸುಮಾ, ಮಾತು ಕೊಟ್ಬಿಟ್ಟಿದ್ಯಾ? ನನ್ನ ಒಂದು ಮಾತು ಕೇಳ್ದೆ?"

"ಒಂದು ತುತ್ತು ಕಣ್ರೀ. ಕಣ್ಣು ಮುಚ್ಚಿ ನುಂಗಿದ್ರಾಯ್ತು."

"ನಂಗಂತೂ ಆಗಲ್ಲ. ನಿಂಗೂ ಆಗಲ್ಲ, ನೋಡ್ತಿರು. ಇನ್ನೂ ಹೊತ್ತಿದೆ, ಹೋಗಿ ವಾಪಸ್ ಕೊಟ್ಬಿಡು. ಬೇರೆ ಯಾರಿಗಾದ್ರೂ ಕೊಡ್ತಾರೆ ಪಾಪ."

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು. ಒಬ್ಬಳೇ ಮೇಜಿನ ಮುಂದೆ ಕೂತು ರೊಟ್ಟಿ ಬಿಡಿಸಿದೆ. ಬೂದು ಬಣ್ಣದ, ಮೆತ್ತಗೆ ಬೆಂದ ಮಾಂಸ. ಮನುಷ್ಯರ ಲಿವರು, ಗೆಡ್ಡೆ, ಗಂಟು ಎಲ್ಲವನ್ನೂ ಕೈಯಲ್ಲಿ ಹಿಡಿದು ಕೊಯ್ದು ನೋಡಿದವಳು ನಾನು. ಊಟದ ಹೊತ್ತಿನಲ್ಲಿ ಅದರ ಬಗ್ಗೆ ಮಾತಾಡಿ ಮನೆಯವರಿಂದ ಬೈಸಿಕೊಂಡವಳು. ಆ ಒಂದು ಚೂರನ್ನು ತುಟಿಯ ತನಕ ತಂದೆ, ಬಾಯಿಯೊಳಗೆ ಇಟ್ಟೆ — ಗಂಟಲು ಒಪ್ಪಲಿಲ್ಲ. ಕೈಗೆ ಉಗಿದೆ. ಇನ್ನೊಮ್ಮೆ ನೋಡಿದೆ. ಆಗಲಿಲ್ಲ. ಬಿಸಿಲು ಲಿಂಡಾಳ ಓಕ್ ಮರದ ಹಿಂದಕ್ಕೆ ಇಳಿಯುತ್ತಿತ್ತು. ರಸ್ತೆ ದಾಟಿದರೆ ಸಿರಾನುಶ್ ಮನೆ. ಎದ್ದು ಹೋಗಿ "ಆಗಲಿಲ್ಲ, ಕ್ಷಮಿಸಿ" ಎನ್ನಬಹುದಿತ್ತು. ಅವರು ಏನೂ ಅನ್ನುತ್ತಿರಲಿಲ್ಲ, ಮೊದಲೇ ಹೇಳಿದ್ದರಲ್ಲ. ಹೋಗಲಿಲ್ಲ. ಡಾಕ್ಟರಮ್ಮ ಕೊಟ್ಟ ಮಾತು ತಪ್ಪಿದಳು ಎಂದಾಗುತ್ತದಲ್ಲ! ಕತ್ತಲಾಗುವ ಮುಂಚೆ ಅಷ್ಟನ್ನೂ ಪೇಪರ್ ಟವೆಲಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ.

ಮರುದಿನ ಕಸದ ಗಾಡಿ ಬರುವ ದಿನ. ನಮ್ಮ ಡಬ್ಬಿ, ಲಿಂಡಾಳ ಡಬ್ಬಿ ಎರಡೂ ಮನೆಗಳ ನಡುವಿನ ಹುಲ್ಲಿನ ಪಟ್ಟಿಯ ತುದಿಯಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ರಾತ್ರಿ ರಕೂನ್‌ಗಳು, ಕಾಡುಬೆಕ್ಕಿನಷ್ಟಿರುವ ಪ್ರಾಣಿಗಳು, ಬಂದು ಎರಡನ್ನೂ ಉರುಳಿಸಿದ್ದವು. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಹುಲ್ಲಿನ ಮೇಲೆ ಲವಾಶ್ ತುಂಡುಗಳು, ಮಾಂಸ, ಎಲುಬು. ವಾಕಿಂಗಿಗೆ ಹೊರಟ ಸಿರಾನುಶ್ ಅಲ್ಲಿ ನಿಂತಿದ್ದರು. ನಾನು ಪರದೆಯ ಹಿಂದಕ್ಕೆ ಸರಿದೆ. ಅವರು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನೆಲಕ್ಕೆ ಹಾಸಿದರು. ಮಂಡಿಯೂರಿ ಒಂದೊಂದೇ ಚೂರು ಹೆಕ್ಕಿ ಅದರಲ್ಲಿ ಇಟ್ಟುಕೊಂಡರು. ಗಂಟು ಕಟ್ಟಿ ಎದೆಗವಚಿಕೊಂಡು ಮನೆಗೆ ಹೋದರು.

ಎಲ್ಲ ಗೊತ್ತಾಯಿತು ಎಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಆ ಮಧ್ಯಾಹ್ನ ನಾನೇ ತಟ್ಟೆ ತೊಳೆದು ತೆಗೆದುಕೊಂಡು ಹೋದೆ, ಕೇಳುವ ಮುಂಚೆಯೇ "ತುಂಬಾ ಚೆನ್ನಾಗಿತ್ತು" ಎಂದೆ. ಸಿರಾನುಶ್ ನನ್ನ ಕೆನ್ನೆ ಸವರಿದರು. ಅವರ ಕಣ್ಣಿನಲ್ಲಿ ಸಂಶಯ ಹುಡುಕಿದೆ. ಇರಲಿಲ್ಲ. ನನಗೆ ಆದದ್ದು ಸಮಾಧಾನ. ಅದನ್ನೂ ಬರೆಯಬೇಕು.

ಕಸಿ ಫಲಿಸಿತು. ಆರ್ಮೆನ್‌ಗೆ ಮತ್ತೆ ಕೂದಲು ಬಂತು, ಅವನು ಕೆಲಸಕ್ಕೂ ಹೋದ. ಡಬ್ಬಿಯ ವಿಷಯ ನನ್ನ ಮನಸ್ಸಿನಿಂದ ಹೊರಟೇ ಹೋಗಿತ್ತು ಅನ್ನಬೇಕು. ಆಮೇಲೆ ಕಾಯಿಲೆ ಮರುಕಳಿಸಿತು. ಈ ಸಲ ಯಾವ ಔಷಧಿಗೂ ಬಗ್ಗಲಿಲ್ಲ. ಅವನು ಹೋದ. ಹೂಸ್ಟನ್‌ನಲ್ಲೇ ಮಣ್ಣು ಮಾಡಿದರು.

ನನ್ನ ವಿದ್ಯೆ ಹೇಳುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಪಕ್ಕದ ಮನೆಯವರು ಏನು ತಿಂದರು, ಏನು ಎಸೆದರು ಎಂದು ರಕ್ತಕಣಗಳು ಲೆಕ್ಕ ಇಡುವುದಿಲ್ಲ. ಆರ್ಮೆನ್ ಸತ್ತದ್ದು ನನ್ನಿಂದಲ್ಲ. ಇದು ನಿಜ. ಈ ನಿಜವನ್ನು ಹಿಡಿದುಕೊಂಡೇ ನಾನು ಮುಂದಿನದನ್ನೆಲ್ಲ ಮಾಡಿದೆ.

ಅವರಲ್ಲೂ ನಲವತ್ತನೆಯ ದಿನದ ಕಾರ್ಯವಿದೆ. ಅದು ಮುಗಿದ ಮೇಲೆ ಒಂದು ದಿನ ಸಿರಾನುಶ್ ನನ್ನನ್ನು ಕಾಫಿಗೆ ಕರೆದರು. ಕಾಫಿ ಕೆಳಗಿಟ್ಟು ಹೇಳಿದರು, "ಹರಕೆ ಸಂದಿರಲಿಲ್ಲ. ಏಳು ಮನೆಯಲ್ಲಿ ಒಂದು ಮನೆ ತಿನ್ನಲಿಲ್ಲ. ನಾನು ಕಣ್ಣಾರೆ ನೋಡಿದೀನಿ. ಅವನು ಹುಷಾರಾದ ಅಂತ ಬಾಯಿ ಬಿಡಲಿಲ್ಲ. ಲಿಂಡಾ ಎಸೆದಳು."

ಆ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಇದು: "ಲಿಂಡಾ ಅಂತ ಹೇಗೆ ಗೊತ್ತು?"

"ಬಿದ್ದಿದ್ದು ಎರಡೇ ಡಬ್ಬಿ, ಅವಳದು, ನಿಮ್ಮದು. ನಿಮ್ಮನ್ನ ನಾನು ಮೊದಲೇ ಕೇಳಿದ್ದೆ. ಅವಳನ್ನ ಕೇಳಿರಲಿಲ್ಲ, ಮಾಂಸ ತಿನ್ನೋಳು, ತಿಂತಾಳೆ ಬಿಡು ಅಂದ್ಕೊಂಡೆ. ನನ್ನ ತಪ್ಪು." ನನ್ನ ಕೈ ಹಿಡಿದು, "ನೀವು ತಿಂದಿರಿ ತಾನೆ?" ಎಂದರು.

ಅದು ಅನುಮಾನದ ಪ್ರಶ್ನೆಯಲ್ಲ. ಒಂದು ‘ಹೂಂ’ಗಾಗಿ ಕೇಳಿದ್ದು, ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ ಹಾಗೆ. ನಾನು ಅವರ ಮುಖ ನೋಡಿಕೊಂಡೇ "ತಿಂದೆವು" ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆವತ್ತಿನಿಂದ ಸಿರಾನುಶ್ ಲಿಂಡಾಳಿಗೆ ಬಾಗಿಲು ತೆಗೆಯಲಿಲ್ಲ. ಕಾರಣವನ್ನೂ ಹೇಳಲಿಲ್ಲ, ಹೇಳಿದ್ದರೆ ಲಿಂಡಾ ಅಲ್ಲ ಎನ್ನುತ್ತಿದ್ದಳು, ಆಗ ನಾನು... ಆದರೆ ಅವರು ಹೇಳುವವರಲ್ಲ. ಮಗನನ್ನು ಕಳೆದುಕೊಂಡವರು, ವಾದ ಮಾಡಿ ಏನು ಗೆಲ್ಲಬೇಕು? ಲಿಂಡಾ ಸೂಪು ಮಾಡಿ ಅವರ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದಳು. ಸಂಜೆ ಹೋದರೆ ಪಾತ್ರೆ ಇಟ್ಟಲ್ಲೇ ಇರುತ್ತಿತ್ತು.

ಅವಳು ನನ್ನನ್ನು ಕೇಳಿದಳು. ನಮ್ಮ ಡ್ರೈವ್‌ವೇನಲ್ಲಿ ನಿಂತು, ನಾಯಿಯ ಹಗ್ಗ ಕೈಗೆ ಸುತ್ತಿಕೊಂಡು ಕೇಳಿದಳು. "ಸುಮಾ, ನಿನ್ನ ಹತ್ರ ಅವರು ಮಾತಾಡ್ತಾರೆ. ನಾನೇನು ತಪ್ಪು ಮಾಡಿದೆ?"

"ನೀನೇನೂ ಮಾಡಿಲ್ಲ," ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಅದಾದರೂ ನಿಜವಾಗಿರುತ್ತಿತ್ತು. "ದುಃಖ, ಲಿಂಡಾ. ದುಃಖದಲ್ಲಿ ಜನ ಹತ್ತಿರದವರನ್ನೇ ದೂರ ತಳ್ಳುತ್ತಾರೆ. ಟೈಮ್ ಕೊಡು." ವೈದ್ಯೆಯ ದನಿಯಲ್ಲಿ ಹೇಳಿದೆ. ನಂಬಿದಳು. ಎಲ್ಲರೂ ನನ್ನನ್ನು ನಂಬುತ್ತಿದ್ದರು, ಅದೇ ತೊಂದರೆ.

ಕೊನೆಗೆ ನಾರೆ ಬಂದು ತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆದುಕೊಂಡು ಹೋದಳು. ಹೊರಡುವ ದಿನ ಲಿಂಡಾ ತನ್ನ ಮನೆಯ ಮುಂದೆ ನಿಂತಿದ್ದಳು, ಕೈಯಲ್ಲಿ ದಾರಿಗೆಂದು ಮಾಡಿದ ಪೀಕನ್ ಪೈ, ಬೀಜ ಹಾಕಿ ಬೇಯಿಸುವ ಅವಳ ಕಡೆಯ ಸಿಹಿತಿಂಡಿ. ಸಿರಾನುಶ್ ನನ್ನನ್ನು ತಬ್ಬಿಕೊಂಡರು, ಕಾರು ಹತ್ತಿದರು. ಕಾರು ಲಿಂಡಾಳ ಮುಂದೆ ನಿಲ್ಲದೆ ಹೋಯಿತು. ಅವಳು ಪೈ ಹಿಡಿದುಕೊಂಡೇ ನಿಂತಿದ್ದಳು. ನಾನು ಒಳಗೆ ಬಂದೆ. ಶ್ರೀನಿವಾಸ್ ಹಾಲಿನಲ್ಲಿದ್ದರು. "ಇನ್ನೂ ಎಷ್ಟು ದಿನ ಸುಮಾ?" ಎಂದರು.

ವರ್ಷಗಳು ಹೋದವು. ಪ್ರತಿ ಹೊಸ ವರ್ಷಕ್ಕೆ ಸಿರಾನುಶ್ ಫೋನ್ ಮಾಡುತ್ತಿದ್ದರು. "ಡಾಕ್ಟರ್ ಜಾನ್" ಎಂದೇ ಶುರು. ಪ್ರತಿ ಸಲವೂ ಹೇಳಿಬಿಡೋಣ ಅನ್ನಿಸುತ್ತಿತ್ತು, ಪ್ರತಿ ಸಲವೂ ವಯಸ್ಸಾದವರು, ಈಗೇಕೆ ನೋಯಿಸುವುದು ಎಂದುಕೊಳ್ಳುತ್ತಿದ್ದೆ. ನೋವು ಅವರದ್ದಲ್ಲ, ನನ್ನದು. ಅದು ಆಗಲೂ ಗೊತ್ತಿತ್ತು. ಒಮ್ಮೆ ಅವರಾಗಿಯೇ ಕೇಳಿದರು, "ಅವಳು ಹೇಗಿದ್ದಾಳೆ?" ಹೆಸರು ಹೇಳಲಿಲ್ಲ. ಚೆನ್ನಾಗಿದ್ದಾಳೆ ಎಂದೆ. ಅವರು ಏನೋ ಹೇಳಲು ಹೊರಟು ನಿಲ್ಲಿಸಿದರು. ಆ ಮಾತು ಏನಿತ್ತೋ — ನಾನು ಕೇಳಲಿಲ್ಲ.

ಈ ವರ್ಷ ನಾರೆಯ ಫೋನ್ ಬಂತು. ಅಮ್ಮ ಹೋದರು, ಆರ್ಮೆನ್ ಪಕ್ಕದಲ್ಲೇ ಮಣ್ಣು ಮಾಡಿದ್ದೇವೆ, ನಿಮಗೆ ತಿಳಿಸಲಾಗಲಿಲ್ಲ ಎಂದಳು. ನಲವತ್ತನೆಯ ದಿನ ಸಮಾಧಿಯ ಬಳಿ ಪ್ರಾರ್ಥನೆ ಮುಗಿಸಿ ಹಳೆಯ ಬೀದಿಗೆ ಬರುತ್ತಾಳಂತೆ. ಅಮ್ಮ ಹೇಳಿ ಹೋಗಿದ್ದಾರೆ: ಮದಾಘ್ ಮಾಡಬೇಕು, ಆ ಬೀದಿಯ ಏಳು ಮನೆಗೇ ಹಂಚಬೇಕು, ಈ ಸಲವಾದರೂ ಸರಿಯಾಗಿ ಆಗಬೇಕು. "ಆಂಟಿ, ನಿಮ್ಮನೆ ಮೊದಲು ಅಂದಿದ್ದಾರೆ. ಲಿಂಡಾ ಅವರ ಮನೆ ಮಾತ್ರ ಬೇಡ ಅಂತ."

ನಾರೆ ಬಂದಾಗ ಶ್ರೀನಿವಾಸ್ ಬಾಗಿಲು ತೆಗೆದರು. ಥೇಟ್ ಅಮ್ಮನ ಹಾಗೆಯೇ ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದಳು. ನನ್ನ ಕಡೆ ಚಾಚಿದಳು. ನಾನು ಕೈ ನೀಡಲಿಲ್ಲ.

"ನಿಮ್ಮಮ್ಮ ಬಿಡಬೇಕಾಗಿದ್ದ ಮನೆ ಲಿಂಡಾಳದ್ದಲ್ಲ, ನಾರೆ. ನಮ್ಮದು. ಅವತ್ತು ಎಸೆದೋಳು ನಾನು. ತಿಂದೆ ಅಂತ ಅವರಿಗೆ ಸುಳ್ಳು ಹೇಳಿದೆ."

ಅವಳು ಅರ್ಥವಾಗದವಳಂತೆ ನಿಂತಳು. ಆಮೇಲೆ ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ, ಕಣ್ಣು ತಪ್ಪಿಸಲಿಲ್ಲ. ಬೈಯಲಿಲ್ಲ. "ಅಮ್ಮ ಕೊನೇ ತನಕ ಲಿಂಡಾ ಅವರನ್ನ ನೆನೆಸ್ಕೊಂಡು ಅಳ್ತಿದ್ರು," ಎಂದಳು. "ಅಷ್ಟು ಒಳ್ಳೆಯವಳು ಹೇಗೆ ಹೀಗೆ ಮಾಡಿದಳು ಅಂತ." ತಟ್ಟೆಯನ್ನು ನನ್ನ ಕೈಗೆ ಇಟ್ಟಳು. "ನೀವೇ ಕೊಟ್ಟು ಬನ್ನಿ. ಯಾಕೆ ಅಂತ ನೀವೇ ಹೇಳಿ."

ಹುಲ್ಲಿನ ಪಟ್ಟಿ ದಾಟಿ ಹೋದೆ. ಲಿಂಡಾ ಈಗ ಕೋಲು ಹಿಡಿದು ನಡೆಯುತ್ತಾಳೆ, ಬಾಗಿಲಿಗೆ ಬರಲು ಹೊತ್ತಾಯಿತು. ನಿಂತಲ್ಲೇ ಎಲ್ಲ ಹೇಳಿದೆ, ಮೊದಲಿನಿಂದ, ಅವಳು ಡ್ರೈವ್‌ವೇನಲ್ಲಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ತನಕ. ಮುಗಿದ ಮೇಲೆ ತಟ್ಟೆಯನ್ನು ನೋಡಿದಳು.

"ನಾನು ಅವತ್ತು ಪೂರ್ತಿ ತಿಂದಿದ್ದೆ," ಎಂದಳು. "ಒಂದು ಚೂರೂ ಬಿಡಬಾರದು ಅಂದಿದ್ರು. ನಾಯಿಗೂ ಕೊಡಲಿಲ್ಲ. ಎಲುಬನ್ನ ಮರದ ಕೆಳಗೆ ಹೂತೆ."

"ಗೊತ್ತು," ಎಂದೆ. ಗೊತ್ತಿರಲಿಲ್ಲ. ಎಷ್ಟು ಸುಲಭವಾಗಿ ಬರುತ್ತದೆ ನೋಡಿ, ಈ ಚಾಳಿ. "ಇಲ್ಲ, ಗೊತ್ತಿರಲಿಲ್ಲ," ಎಂದು ತಿದ್ದಿಕೊಂಡೆ.

"ಅವರಿಗೆ ನಿಜ ಗೊತ್ತಾಯ್ತಾ? ಸಾಯೋ ಮುಂಚೆ?"

"ಇಲ್ಲ."

ಲಿಂಡಾ ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕೊಡಬೇಕಾದ ಕಷ್ಟವೂ ಅವಳದೇ ಆಗುತ್ತಿತ್ತು. ಅವಳು ಬಾಗಿಲು ಹಾಕಿಕೊಂಡಳು.

ನಾರೆ ಉಳಿದ ಮನೆಗಳಿಗೆ ತಾನೇ ಹೋಗಿ ಬಂದಳು. ಹೊರಡುವಾಗ ನನ್ನ ಕಡೆ ತಲೆಯಾಡಿಸಿದಳು, ಒಳಗೆ ಬರಲಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಬಿಸಿಲು ಓಕ್ ಮರದ ಹಿಂದೆ ಇಳಿಯುವ ಮುಂಚೆ ಲಿಂಡಾ ಹೊರಗೆ ಬಂದಳು. ಬಗ್ಗಲಾರದೆ ಬಗ್ಗಿ, ಮರದ ಬುಡದಲ್ಲಿ ಮಣ್ಣು ಕೆದಕಿ ಎಲುಬು ಹೂತಳು. ಸಿರಾನುಶ್ ಕೇಳಿದ್ದ ಏಳು ಮನೆ ಅಂದಿಗೆ ಸರಿಯಾಯಿತು. ಅದರಲ್ಲಿ ನಮ್ಮ ಮನೆ ಇರಲಿಲ್ಲ.